ಒಂದು ಸೂತ

ಪರ್ವರಿಯ ಉಲ್ಹಾಸಬಾಬರ ಸಣ್ಣ ವರ್ಕ್‌ಶಾಪಿನಲ್ಲಿ ಲೇತು ನಡೆಸುತ್ತಿದ್ದ ಸಿಂದಗಿಯ ಮಲಿಕಸಾಬನಿಗೆ ಮಿಲಿಮೀಟರ್ ಅಂದರೆ ತಾತ್ಸಾರ. ಇಪ್ಪತ್ತು ವರ್ಷದಿಂದ ಅವನ ಕೈಗೆ ಗೊತ್ತಿದ್ದದ್ದು ಇಂಚು, ಇಂಚಿನ ಎಂಟನೇ ಪಾಲಾದ ಸೂತ. ಮೀನುದೋಣಿಗಳ ಎಂಜಿನ್ನಿಗೆ ಅಷ್ಟೇ ಸಾಕಾಗಿತ್ತು.

ತೊಂಬತ್ತಮೂರರಲ್ಲಿ, ಯುದ್ಧನೌಕೆಗೆ ಹೊಸ ಬಗೆಯ ಪಂಪು ರೂಪಿಸಲೆಂದು ಸರ್ಕಾರ ಉಲ್ಹಾಸಬಾಬರಿಗೆ ಸಂಶೋಧನೆಯ ಅನುದಾನ ಕೊಟ್ಟಿತು. ರಬ್ಬರ್ ಉಂಗುರ ಕೂರುವ ಕಚ್ಚು ಮೂರು ಮಿಲಿಮೀಟರ್ ಅಗಲ ಇರಲೆಂದು ಅವರು ನಕ್ಷೆ ತೋರಿಸಿದರು.

“ಮೂರು ಮಿಲಿ ಅಂದ್ರ ಒಂದು ಸೂತ. ಅದನ್ನೂ ನನಗ ಹೇಳಬೇಕೇನ್ರಿ?” ಎಂದ ಮಲಿಕಸಾಬ ನಕ್ಷೆಯತ್ತ ತಿರುಗಿಯೂ ನೋಡಲಿಲ್ಲ.

ಪರೀಕ್ಷೆಯ ದಿನ ಅಧಿಕಾರಿಗಳ ಎದುರಿಗೇ ಪಂಪು ಸೋರಿತು. ಒಬ್ಬರು ಕಚ್ಚನ್ನು ಅಳೆದು ನೋಡಿದರು. ಸರಿಯಾಗಿ ಒಂದು ಸೂತವಿತ್ತು; ಮೂರು ಮಿಲಿಗಿಂತ ಎರಡು ಕೂದಲೆಳೆಯಷ್ಟು ಅಗಲ ಹೆಚ್ಚಾಗಿ ಉಂಗುರ ಸಡಿಲಾಗಿತ್ತು. ಇದನ್ನು ಕೊರೆದವರು ಯಾರೆಂದು ಕೇಳಿದರು. ಮಲಿಕಸಾಬ ಅರಿವೆ ಹಿಡಿದು ಒರೆಸಿದ್ದನ್ನೇ ಒರೆಸುತ್ತ ನಿಂತ.

“ನಕ್ಷೆಯಲ್ಲಿ ನಾನೇ ತಪ್ಪು ಬರೆದಿದ್ದೆ” ಎಂದರು ಉಲ್ಹಾಸಬಾಬ.

ಅನುದಾನ ನಿಂತುಹೋಯಿತು. ಮರುದಿನ ಅವರು ಎಂದಿನಂತೆ ಚಹಾ ತರಿಸಿ, ಮೊದಲ ಲೋಟವನ್ನು ಮಲಿಕಸಾಬನ ಮುಂದಿಟ್ಟರು. ಒಂದು ಬೈಗುಳ ಬಿದ್ದಿದ್ದರೆ ಆ ಚಹಾ ಗಂಟಲಲ್ಲಿ ಇಳಿಯುತ್ತಿತ್ತು.