ನಾನು ಹೊಡೆದ ಹದ್ದು

ನಮ್ಮ ಮೊಮ್ಮಗಳು ಭಾಗಿಗೆ ಮಾತು ಬಂತ್ರೀ! ನಾಕು ವರ್ಷ ತುಂಬಿದರೂ ‘ಅವ್ವಾ’ ಅನ್ನದ ಕೂಸು ಮೊನ್ನೆ ನನ್ನನ್ನು ಬಾಯ್ತುಂಬ ಬೈತು.

ಮಗ ಮುಧೋಳದಿಂದ ಟಿವಿಗೆ ಹಚ್ಚಿ ಆಡುವ ಗೇಮು ತಂದಿದ್ದ. ಟ್ಯಾಂಕು ಓಡಿಸಿ ಗುಂಡು ಹಾರಿಸೋ ಆಟ. ಒಂದು ರಿಮೋಟು ಭಾಗಿ ಕೈಯಾಗ, ಇನ್ನೊಂದು ನನ್ನ ಕೈಯಾಗ. ಟಿವಿಯೊಳಗ ಕೆಳಗ, ಕುರಿದಡ್ಡಿಯಂಥ ಇಟ್ಟಂಗಿ ಗೋಡೆ ನಡುವೆ ಒಂದು ಹದ್ದು ಕೂತಿತ್ತು. ನಾವು ಕುರಿ ಕಾಯೋ ಮಂದಿ. ಮರಿಗಳ ದಡ್ಡಿಯೊಳಗ ಹದ್ದು ಇಳಿದರೆ ನೋಡಿಕೋತ ಕೂಡೋದು ಹೆಂಗ? ಟ್ಯಾಂಕು ತಿರುಗಿಸಿ ಹೊಡೆದೇ ಬಿಟ್ಟೆ. ಆಟ ಮುಗೀತು.

ಭಾಗಿ ರಿಮೋಟು ಒಗೆದು ಎದ್ದು ನಿಂತಳು.

“ಏ ಆಯಿ, ಅದು ನಮ್ಮ ಹಕ್ಕಿ! ಅದನ್ನ ನಾವು ಕಾಯಬೇಕು! ಯಾಕ ಹೊಡದಿ ಬೇ?”

ನಾನು ಚೀರಿದ್ದಕ್ಕ ಸೊಸೆ ಹಿಟ್ಟಿನ ಕೈಲೇ ಓಡಿ ಬಂದಳು, ಮಗ ಅಂಗಳದಿಂದ ಬಂದ. ಅಷ್ಟರೊಳಗ ಕೂಸು ಮತ್ತೆ ಸುಮ್ಮನಾಗಿತ್ತು. ನನ್ನ ಮಾತು ಇಬ್ಬರೂ ನಂಬಲಿಲ್ಲ. ಆಟ ಹಚ್ಚಿ ಇನ್ನೊಮ್ಮೆ ಹದ್ದು ಹೊಡೆದೆ, ಇನ್ನೊಮ್ಮೆ ಬೈದಳು! ಮಗ ಅಳಕೋತ ತಾನೂ ಹೊಡೆದು ಬೈಸಿಕೊಂಡ. ಬಾಜೂ ಮನಿ ಮಾಸ್ತರರು ಕೂಡ ಮೂಗಿಗೆ ಚಾಳೀಸು ಏರಿಸಿ, ಒಂದು ಹದ್ದು ಹೊಡೆದು, ಬೈಸಿಕೊಂಡು ಖುಷಿಯಿಂದ ಹೋದರು.

ಸಂಜೆ ಎಲ್ಲರೂ ಸಾಲಾಗಿ ಉಣ್ಣಾಕ ಕೂತೆವು. “ಅವ್ವಾ, ಆಯಿಗೆ ರೊಟ್ಟಿ ಕೊಡಬ್ಯಾಡ, ಹಕ್ಕಿ ಕೊಂದಾಳ” ಅಂದಳು ಭಾಗಿ. ‘ಅವ್ವಾ’ ಅಂತ ಕರೆಸಿಕೊಂಡ ಸೊಸೆ ಖರೇನೇ ನನಗ ರೊಟ್ಟಿ ಕೊಡಲಿಲ್ಲ. ಆ ಮಾತು ಇನ್ನೊಮ್ಮೆ ಕೇಳೋಣಂತ ನಾನು ಮತ್ತೆ ತಾಟು ಮುಂದೆ ಹಿಡಿದೆ.