ದಬ್ಬಕಾಯಿ ಗಿಡಕ್ಕೆ ನಾನು ಜಾಮೀನು ನಿಂತದ್ದು

೧೯೮೪ರಲ್ಲಿ, ಎಂಟನೇ ಕ್ಲಾಸಿನ ನಡುವರ್ಷದಲ್ಲಿ, ನಾನು ಓದು ಬಿಟ್ಟೆ. ಯಾರೂ ಬಿಡಿಸಲಿಲ್ಲ. ಹೊಸಪೇಟೆಯ ಒಂದು ವೆಲ್ಡಿಂಗ್ ಅಂಗಡಿಯ ಮುಂದೆ ಕಿಡಿ ಹಾರುವುದನ್ನು ನೋಡುತ್ತ ನಿಂತವನು ಮತ್ತೆ ಶಾಲೆಯ ಕಡೆ ತಿರುಗಲಿಲ್ಲ, ಅಷ್ಟೇ. ಮುಂದೆ ಸ್ವಂತ ಅಂಗಡಿ ಹಾಕಿ, ಕಂಪ್ಲಿ ಕಡೆಯ ರೈತರಿಗೆ ಭತ್ತ, ಕಬ್ಬು ಹೇರುವ ಟ್ರ್ಯಾಲಿಗಳನ್ನು ಮಾಡಿಕೊಟ್ಟೆ. ನಾನು ಬೆಸೆದ ಟ್ರ್ಯಾಲಿ ಕಾಲುವೆಗೆ ಬಿದ್ದು ಮೇಲೆ ಬಂದರೂ ಟ್ರ್ಯಾಲಿಯಾಗಿಯೇ ಇರುತ್ತಿತ್ತು. ಟ್ರ್ಯಾಕ್ಟರಿನ ಬಗ್ಗೆ ಆ ಮಾತು ಹೇಳಲಾರೆ, ಅದನ್ನು ಮಾಡಿದವನು ನಾನಲ್ಲ.

ಕಬ್ಬಿಣ ನನ್ನ ಮಾತು ಕೇಳುತ್ತಿತ್ತು. ಕೇಳದೇ ಇದ್ದದ್ದು ಹಂಪಿ ಹತ್ತಿರದ ಕಡ್ಡಿರಾಂಪುರದ ನಮ್ಮ ಮನೆಯಂಗಳದ ದಬ್ಬಕಾಯಿ ಗಿಡ.

ದಬ್ಬಕಾಯಿ ಕಾಣದವರಿಗೆ ಹೇಳುತ್ತೇನೆ. ನಿಂಬೆಯ ಜಾತಿ, ಗಾತ್ರದಲ್ಲಿ ತೆಂಗಿನಕಾಯಿಯ ತಮ್ಮ. ಬೆಂಗಳೂರು ಕಡೆಯವರು ಹೇರಳೆಕಾಯಿ ಅನ್ನುತ್ತಾರೆ. ಹಸಿಯಾಗಿ ಬಾಯಿಗಿಟ್ಟರೆ ಹುಳಿಗೆ ಕಣ್ಣು ಮುಚ್ಚುತ್ತದೆ, ಕಹಿಗೆ ತೆರೆಯುತ್ತದೆ. ಅದನ್ನೇ ಬೆಲ್ಲ, ಖಾರ ಹಾಕಿ ಒಲೆಯ ಮೇಲೆ ಕುದಿಸಿದರೆ, ಆ ಗೊಜ್ಜಿನ ಮುಂದೆ ಬೇರೆ ಪಲ್ಯ ಬಡಿಸುವುದು ಸುಮ್ಮನೆ ತಟ್ಟೆ ಹೊಲಸು ಮಾಡಿದಂತೆ. ನನ್ನ ಹೆಂಡತಿಯ ತವರು ಎಮ್ಮಿಗನೂರಿನ ಹಿತ್ತಿಲಲ್ಲಿ ಅಂಥದ್ದೊಂದು ಹಳೆಯ ಗಿಡವಿತ್ತು. ಭತ್ತದ ಗೋದಾಮು ಕಟ್ಟುವಾಗ ಅವಳ ಅಣ್ಣಂದಿರು ಕಡಿಸಿದರು. ಅದಕ್ಕೂ ಮುಂಚೆ, ಬುಡದಲ್ಲಿ ತಾನಾಗಿ ಹುಟ್ಟಿದ್ದ ಸಸಿಯೊಂದನ್ನು ಇವಳು ಎಣ್ಣೆ ಡಬ್ಬಿಯಲ್ಲಿಟ್ಟುಕೊಂಡು, ಬಸ್ಸಿನಲ್ಲಿ ಮಡಿಲ ಮೇಲೆ ಕೂರಿಸಿಕೊಂಡು ತಂದಿದ್ದಳು. ಆ ವಂಶದ್ದು ಉಳಿದದ್ದು ಇದೊಂದೇ.

ಗಿಡ ಬೆಳೆಯಿತು, ನೆರಳು ಕೊಟ್ಟಿತು, ಗೇಣುದ್ದದ ಮುಳ್ಳು ಕೊಟ್ಟಿತು. ಕಾಯಿ ಮಾತ್ರ ವರ್ಷಗಟ್ಟಲೆ ಕೊಡಲಿಲ್ಲ. ಆದರೆ ಅದಕ್ಕೆ ಬುದ್ಧಿ ಹೇಳುವವರ ಸುಗ್ಗಿ ಒಂದು ವರ್ಷವೂ ತಪ್ಪಲಿಲ್ಲ. ಪಕ್ಕದ ಮನೆಯ ನಿವೃತ್ತ ಅಧಿಕಾರಿಗಳೊಬ್ಬರು ಎಲೆಯೊಂದನ್ನು ಬೆಳಕಿಗೆ ಹಿಡಿದು ನೋಡಿ, "ಬೋರಾನ್ ಕೊರತೆ" ಎಂದು ಫೈಲಿಗೆ ಸಹಿ ಹಾಕಿದಂತೆ ಹೇಳಿ ಹೋದರು. ಬೋರಾನ್ ಗೊಬ್ಬರ ತಂದು ಹಾಕಿದೆ. ನನ್ನ ಹಿರಿಯ ಭಾವಮೈದ, ಅಂದರೆ ಮೂಲ ಗಿಡವನ್ನು ಕಡಿಸಿದ ಪುಣ್ಯಾತ್ಮನೇ, ಬುಡಕ್ಕೆ ಉಪ್ಪು ಹಾಕಿಸಿದ. ಪರಿಚಯದ ಪೂಜಾರಿಗಳೊಬ್ಬರು ದೃಷ್ಟಿಯಾಗಿದೆ ಎಂದದ್ದಕ್ಕೆ ಹಳೆಯ ಚಪ್ಪಲಿಗಳನ್ನು ಕಟ್ಟಿದೆ. ದೂರದಿಂದ ನೋಡಿದವರು ಚಪ್ಪಲಿ ಅಂಗಡಿ ಎಂದುಕೊಂಡು ಎಂಟನೇ ನಂಬರ್ ಐತೇನ್ರಿ ಎಂದು ಕೇಳಬೇಕು, ಹಾಗಾಯಿತು.

ಇಷ್ಟರಲ್ಲಿ ನಮ್ಮ ಮಗ ಮನೆಯ ಮುಂಭಾಗವನ್ನು ಹೋಂಸ್ಟೇ ಮಾಡಿದ. ಹೆಸರಿನ ಹಿಂದೆ 'ಹೆರಿಟೇಜ್' ಎಂದು ಬರೆಸಿದ. ಆ ಮನೆಯ ಸಿಮೆಂಟಿಗೆ ನಾನೇ ನೀರು ಹೊಡೆದವನು. ಅದರ ವಯಸ್ಸು ನನಗೆ ಗೊತ್ತು. ಹಂಪಿಯ ಸುತ್ತ ಹೆರಿಟೇಜ್ ಆಗಲು ಐನೂರು ವರ್ಷ ಬೇಕಿಲ್ಲ, ಕಲ್ಲುಬಣ್ಣದ ಪೇಂಟು ಎರಡು ಡಬ್ಬ ಸಾಕು. ಆ ಅಂಗಳದಲ್ಲಿ ಹಳೆಯ ವಂಶದ್ದು ಅಂತ ಇದ್ದದ್ದು ಗಿಡ ಒಂದೇ. ಅದನ್ನೇ ಕಡಿಯಬೇಕೆಂದು ಮಗ ಹಠ ಹಿಡಿದ.

"ಅಪ್ಪಾ, ಬರೋರು ಕಲ್ಲು ನೋಡಾಕ ಬರ್ತಾರ, ಮುಳ್ಳು ತುಳಿಯಾಕಲ್ಲ. ನಿನ್ನೆ ಒಬ್ರ ಕಾರಿನ ಟೈರೇ ಹೋತು. ಕಾಯಿಲ್ಲ ಕಸ್ರಿಲ್ಲ, ಯಾಕ ಬೇಕದು? ಪಾರ್ಕಿಂಗಿಗೆ ಶೆಡ್ ಹಾಕೋಣು."

ಶೆಡ್ ಎಂದ ಕೂಡಲೇ ನನ್ನ ಕೈ ಸುಮ್ಮನಿರಲಿಲ್ಲ. ಮರುದಿನವೇ ಅಳತೆ ತೆಗೆದು ಕಬ್ಬಿಣದ ಆಂಗಲ್ ಕತ್ತರಿಸಿ ತಂದು ಗೋಡೆಗೆ ಒರಗಿಸಿದೆ. ಹೆಂಡತಿ ಆ ಕಬ್ಬಿಣವನ್ನು ನೋಡಿದಳು, ನನ್ನನ್ನು ನೋಡಿದಳು. ಜಗಳ ಮಾಡಲಿಲ್ಲ. ಊಟಕ್ಕೆ ಬಡಿಸುತ್ತ, "ಕಡಿಯೋಕಿಂತ ಮೊದ್ಲು ಒಂದು ಸಲ ಹೆದರ್ಸಿ ನೋಡೋಣ್ರಿ" ಎಂದಳು.

ಇದು ಅವಳ ತವರಿನ ಪದ್ಧತಿ. ಕಾಯಿ ಬಿಡದ ಗಿಡದ ಮುಂದೆ ಒಬ್ಬರು ಕುಡುಗೋಲು ಹಿಡಿದು, ಕಡಿದೇ ತೀರುತ್ತೇನೆ ಎಂದು ಅಬ್ಬರಿಸಬೇಕು. ಇನ್ನೊಬ್ಬರು ಅಡ್ಡ ಬಂದು, ಇದೊಂದು ವರ್ಷ ಬಿಡು ಎಂದು ಬೇಡಿಕೊಳ್ಳಬೇಕು. ಗಿಡ ಹೆದರಿ, ನಾಚಿ, ಮುಂದಿನ ವರ್ಷ ಬಿಡುತ್ತದೆ.

"ಕುಡುಗೋಲು ಕೊಡಿಲ್ಲಿ, ಹೆದರಿಸ್ತೀನಿ" ಎಂದೆ.

"ನೀವು ಹಿಡಿದ್ರ ಖರೇನ ಕಡೀತೀರಿ. ಹೆದರ್ಸಾಕ ನಾನದೀನಿ. ಬೇಡಿಕೊಳ್ಳೋರು ಮನಿ ಯಜಮಾನ್ರೇ ಆಗ್ಬೇಕು. ನಮ್ಮಪ್ಪಾರೂ ಹಂಗ ಮಾಡಿದ್ರು."

ಶಾಲೆ ಬಿಟ್ಟಂದಿನಿಂದ ನಾನು ಯಾರ ಮುಂದೆಯೂ ಕೈಯೊಡ್ಡಿದವನಲ್ಲ. ಬ್ಯಾಂಕಿನವರು ಸಾಲ ತಗೊಳ್ರಿ ಎಂದು ಬಂದಾಗ ಅವರಿಗೇ ಚಹಾ ಕುಡಿಸಿ ಕಳಿಸಿದವನು. ಅಂಥವನು ರವಿವಾರ ಬೆಳಿಗ್ಗೆ ಗಿಡದ ಮುಂದೆ ನಿಂತೆ. ಮಹಡಿಯಿಂದ ಮಗನ ಗಿರಾಕಿಗಳು ಕಾಫಿ ಕಪ್ ಹಿಡಿದು ಇಣುಕಿದರು. ಅಧಿಕಾರಿಗಳು ಕಾಂಪೌಂಡಿಗೆ ಮೊಣಕೈ ಊರಿದರು.

ಹೆಂಡತಿ ಸೆರಗು ಸಿಕ್ಕಿಸಿಕೊಂಡು ಕುಡುಗೋಲೆತ್ತಿದಳು. "ತಿಂದು ತಿಂದು ಕೊಬ್ಬಿದಿ! ನೀರು ಬೇಕು, ಗೊಬ್ಬರ ಬೇಕು, ಕಾಯಿ ಬಿಡಾಕ ಮಾತ್ರ ಸೊಕ್ಕು! ಇವತ್ತು ನಿನ್ನ ಬುಡಕ್ಕ ಕಡೀತೀನಿ!" ಎಷ್ಟು ಚಂದ ಬೈದಳೆಂದರೆ, ಅರ್ಧ ನನಗೇ ಇರಬೇಕು ಅನ್ನಿಸಿತು.

ನಾನು ಕೆಮ್ಮಿ, "ಇರಲಿ ಬಿಡು" ಎಂದೆ.

"ಚಿಲ್ರಿ ಇಲ್ದ ಬಸ್ ಕಂಡಕ್ಟರಿಗೆ ಹೇಳಿದಂಗ ಹೇಳ್ಬ್ಯಾಡ್ರಿ! ಕೈ ಮುಗೀರಿ!"

ಮಗ ಬಾಗಿಲಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದ. ನಾನು ಕೈ ಮುಗಿದೆ. "ಬ್ಯಾಡವ್ವಾ, ಕಡೀಬ್ಯಾಡ. ಬಿಡ್ತೈತಿ ಅದು. ನಾನು ಜಾಮೀನು" ಎಂದೆ. ಮಹಡಿಯ ಮೇಲೆ ಚಪ್ಪಾಳೆಯಾಯಿತು.

ಮುಂದಿನ ವರ್ಷ ಗಿಡ ಹೆದರಿದ ಯಾವ ಲಕ್ಷಣವನ್ನೂ ತೋರಿಸಲಿಲ್ಲ. ಮುಳ್ಳು ಮಾತ್ರ ಇನ್ನಷ್ಟು ದಪ್ಪಗಾದವು. ಪ್ರವಾಸಿಗರ ಸೀಜನ್ನು ಬರುವ ಮುಂಚೆ ಮಗ ಗರಗಸದವನನ್ನು ಕರೆಸಿಯೇಬಿಟ್ಟ.

ನಾನು ಅಡ್ಡ ನಿಂತೆ.

"ಅಪ್ಪಾ, ಅದು ಸುಮ್ನ ನಾಟಕ ಮಾಡಿದ್ದು."

"ನಾಟಕ ನಿಮ್ಮವ್ವ ಮಾಡಿದ್ಲು. ನಾನು ಜಾಮೀನು ಅಂದೀನಿ. ಎಂಟು ಮಂದಿ ಕೇಳ್ಯಾರ. ನನ್ನ ಮಾತು ಬಿದ್ದೋದ್ರ ನಾಳೆ ನನ್ನ ಟ್ರ್ಯಾಲಿ ಯಾರು ತಗೊಂತಾರಲೇ?"

"ಮತ್ತ ಕಾರು ಎಲ್ಲಿ ನಿಲ್ಲಿಸ್ಲಿ?"

ಮನೆಯ ಬಲಗಡೆ, ಮಧ್ಯಾಹ್ನ ನಾನು ಮಂಚ ಹಾಕಿಕೊಂಡು ಮಲಗುವ ತಂಪು ಜಾಗವಿತ್ತು. ಅದನ್ನು ತೋರಿಸಿದೆ. ಗರಗಸದವನಿಗೆ ಅರ್ಧ ಕೂಲಿ ಕೊಟ್ಟು ಕಳಿಸಿ, ಕತ್ತರಿಸಿಟ್ಟಿದ್ದ ಆಂಗಲ್‌ನಲ್ಲೇ ಅಲ್ಲಿ ಶೆಡ್ ಬೆಸೆದೆ. ಹೆಂಡತಿ ಮಜ್ಜಿಗೆ ತಂದುಕೊಟ್ಟಳು. ಗಿಡಕ್ಕೆ ಹೆದರಿಕೆ ನಾಟದಿದ್ದರೂ ಚಿಂತೆಯಿಲ್ಲ, ನಾಟಬೇಕಾದವರಿಗೆ ನಾಟಿತು ಎಂಬ ಸಮಾಧಾನ ಅವಳ ಮುಖದಲ್ಲಿ ಎದ್ದು ಕಾಣುತ್ತಿತ್ತು. ಕೇಳಿದ್ದರೆ ಅವಳು ಒಪ್ಪುತ್ತಿರಲಿಲ್ಲ, ನಾನೂ ಕೇಳಲಿಲ್ಲ.

ಈ ವರ್ಷ ಗಿಡ ಕಾಯಿ ಹಿಡಿಯಿತು. ಅಧಿಕಾರಿಗಳು ಬೋರಾನ್ ಎಂದರು, ಭಾವಮೈದ ಉಪ್ಪು ಎಂದ, ಪೂಜಾರಿಗಳು ಚಪ್ಪಲಿ ಎಂದರು. ಮಗ ಗಿಡಕ್ಕೊಂದು ಹೆರಿಟೇಜ್ ಬೋರ್ಡು ತೂಗುಹಾಕಿ, ವಾರಕ್ಕೊಮ್ಮೆ ಗಿರಾಕಿಗಳ ಮುಂದೆ ಕೈ ಮುಗಿಯಲು ಆಗುತ್ತದೆಯೇ ಎಂದು ನನ್ನನ್ನು ವಿಚಾರಿಸಿದ. ಆಗುವುದಿಲ್ಲ ಎಂದೆ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಒಂದು ಅಂಗಡಿ, ಎರಡು ವೆಲ್ಡಿಂಗ್ ಮಷೀನು, ಮನೆಯ ಹಿಂಭಾಗದಲ್ಲಿ ಎರಡು ಖೋಲಿ, ಬಿಸಿಲಿಗೆ ಬಿದ್ದಿರುವ ಒಂದು ಮಂಚ, ಒಂದು ದಬ್ಬಕಾಯಿ ಗಿಡ, ಅದರಲ್ಲಿ ಏಳು ಕಾಯಿ.