ಬೆಳ್ಳಿ ಬಣ್ಣದ ಅಮ್ಮ

ಅಲ್ಲ, ಅದು ಕೊಬ್ಬಲ್ಲ. ರಿಪೇರಿ ಅಂಗಡಿಯ ಆ ಹುಡುಗಿ ಹೆತ್ತಪ್ಪನ ಮೇಲೇ ಎಗರಿ ಬೀಳುತ್ತಾಳೆ ಅಂತ ನೀವು ಅವತ್ತು ಮುಖ ಸಿಂಡರಿಸಿದಿರಲ್ಲ, ಪೂರ್ತಿ ಕೇಳಿ, ಆಮೇಲೆ ಬೇಕಾದರೆ ಬೈಯಿರಿ.

ಕಲಾಶಾಲೆಯಲ್ಲಿ ಅವಳಿಗೆ ತಂತಿ ಅಂತಲೇ ಹೆಸರು. ಜೇಬಿಗೆ ಕೈ ಹಾಕಿದರೆ ಕರ್ಚೀಫು ಸಿಗುತ್ತಿರಲಿಲ್ಲ, ತಂತಿ ಸಿಗುತ್ತಿತ್ತು. ಕೊನೇ ವರ್ಷ ಒಂದು ಸ್ಪರ್ಧೆ ಬಂತು. ಮನೆಯಲ್ಲಿ ಬಳಸಿ ಬಿಸಾಡಿದ ಸಾಮಾನಿನಿಂದ ಶಿಲ್ಪ ಮಾಡಬೇಕು, ಹೊಸದು ಅಂತ ಒಂದು ಮೊಳೆಯೂ ಇರಕೂಡದು. ಗೆದ್ದವರಿಗೆ ದೊಡ್ಡ ಕಾಲೇಜಿನಲ್ಲಿ ಮೂರು ವರ್ಷದ ಓದು, ಊಟ, ವಸತಿ ಎಲ್ಲ ಉಚಿತ. ಇದ್ದದ್ದು ಒಂದೇ ಸೀಟು. ಮಿಕ್ಸಿ, ಫ್ಯಾನು ರಿಪೇರಿ ಮಾಡುವವರ ಮಗಳಿಗೆ ಮುಂದೆ ಓದಲು ಬೇರೆ ದಾರಿ ಎಲ್ಲಿತ್ತು?

ತಂತಿ ಮಾಡಿದ್ದು ತೀರಿಹೋದ ಅಮ್ಮನನ್ನು. ಅಕ್ಕಪಕ್ಕದ ಮನೆಗಳ ಬಟ್ಟೆಗೆ ಇಸ್ತ್ರಿ ಹಾಕಿ ಬೆನ್ನು ಬಗ್ಗಿದ್ದ ಅಮ್ಮ. ಛತ್ರಿಯ ಕಡ್ಡಿಗಳು ಪಕ್ಕೆಲುಬಾದವು, ತೂತು ಬಿದ್ದ ಜರಡಿ ಹೊಟ್ಟೆಯಾಯಿತು, ತಳ ಸುಟ್ಟ ಪಾತ್ರೆ ಮುಖವಾಯಿತು. ಆ ಪಾತ್ರೆಯ ಮಸಿಯಲ್ಲಿ ಅಮ್ಮ ತಿಕ್ಕೀ ತಿಕ್ಕೀ ಎಬ್ಬಿಸಿದ ಗೀರುಗಳಿದ್ದವು, ಕೆನ್ನೆಯ ಜಾಗದಲ್ಲಿ ಒಂದು ನೆಗ್ಗು. ಮೂರು ತಿಂಗಳಲ್ಲಿ ತಂತಿ ಆ ಮುಖವನ್ನು ಒಂದು ಸಲವೂ ಒರೆಸಲಿಲ್ಲ. ಮನೆಗೆ ಬಂದು ನೋಡಿದ ಮೇಷ್ಟ್ರು ಫೋಟೊ ತೆಗೆದುಕೊಂಡು, ಇನ್ನು ಇದಕ್ಕೆ ಕೈ ಹಚ್ಚಬೇಡ ಅಂದು ಹೋದರಂತೆ.

ಅವಳು ಹಚ್ಚಲಿಲ್ಲ. ಅಪ್ಪ ಹಚ್ಚಿದರು.

ಅಪ್ಪನದೊಂದು ವ್ರತ. ತಮ್ಮ ಅಂಗಡಿಯಿಂದ ಯಾವ ಸಾಮಾನೂ ಕೊಳಕಾಗಿ ಹೊರಗೆ ಹೋಗಬಾರದು. ಫ್ಯಾನಿನ ಒಂದೇ ಒಂದು ವೈರು ಬದಲಿಸಿದರೂ ರೆಕ್ಕೆ ತೊಳೆದು, ತುಕ್ಕು ಉಜ್ಜಿ, ಸಡಿಲವಾದ ಸ್ಕ್ರೂ ಕಿತ್ತು ಹೊಸದು ಹಾಕಿ, ಒಂದು ಕೈ ಬಣ್ಣ ಬಳಿದೇ ಕೊಡುವವರು. ಅಂಥವರಿಗೆ ಸ್ಪರ್ಧೆಯ ನಿಯಮವನ್ನು ಬಿಡಿಸಿ ಹೇಳಬೇಕು ಅಂತ ಮಗಳಿಗೆ ತೋಚಲೇ ಇಲ್ಲ.

ಸ್ಪರ್ಧೆಯ ದಿನ ತಂತಿ ಬೆಳಗಾಗುತ್ತಲೇ ಜಾಗ ಹೊಂದಿಸಲು ಶಾಲೆಗೆ ಹೋಗಿದ್ದಳು. ಗೂಡ್ಸ್ ಗಾಡಿ ಓಡಿಸುವ ಸೋದರಮಾವ ಶಿಲ್ಪವನ್ನು ತರಬೇಕಿತ್ತು. ಅವನು ಬರುವಷ್ಟರಲ್ಲಿ ಮಧ್ಯಾಹ್ನ, ತೀರ್ಪುಗಾರರು ಪಕ್ಕದ ಮೇಜಿಗೇ ಬಂದುಬಿಟ್ಟಿದ್ದರು. ಗಡಿಬಿಡಿಯಲ್ಲಿ ಹೊದಿಕೆ ಎಳೆದಳು.

ಒಳಗೆ ಥಳಥಳ ಹೊಳೆಯುವ ಯಾರೋ ಹೆಂಗಸು. ಮಸಿ ಇಲ್ಲ, ಗೀರಿಲ್ಲ, ನೆಗ್ಗನ್ನು ಒಳಗಿನಿಂದ ಬಡಿದು ಸಮ ಮಾಡಿದೆ. ಕೀಲುಕೀಲಿಗೂ ಹೊಸ ಸ್ಕ್ರೂ, ಹೊಸ ಸ್ಪ್ರಿಂಗು, ಮೇಲೆ ಬೆಳ್ಳಿ ಬಣ್ಣ.

"ನಿಮ್ಮಪ್ಪ ಅಂಗಡಿ ಬಾಗಿಲೇ ತೆಗೆದಿಲ್ಲ ಕಣೆ ಇವತ್ತು," ಅಂದ ಮಾವ, ಎದೆಯುಬ್ಬಿಸಿ. "ಪರೀಕ್ಷೆಗೆ ಹೋಗೋ ಸಾಮಾನು ಹಿಂಗೇ ಕಳ್ಸೋದಾ ಅಂತ ಉಜ್ಜಿದ್ದೇ ಉಜ್ಜಿದ್ದು. ಬಣ್ಣ ಒಣಗ್ಲಿ ಅಂತ ಲೇಟಾಯ್ತು." ಅಷ್ಟು ಹೇಳಿ ಇನ್ನೊಂದು ಬಾಡಿಗೆಗೆ ಹೊರಟುಹೋದ.

ತೀರ್ಪುಗಾರರಲ್ಲೊಬ್ಬರು ಸ್ಪ್ರಿಂಗನ್ನು ಉಗುರಿನಿಂದ ಮೀಟಿ ನೋಡಿ, ಹಾಳೆಯಲ್ಲಿ ಅವಳ ಹೆಸರಿನ ಮೇಲೆ ಗೀಟು ಎಳೆದರು. ಅವಳು ನಡೆದದ್ದು ಹೇಳಿದಾಗ, ಸಿಕ್ಕಿಬಿದ್ದವರೆಲ್ಲ ಅಪ್ಪನ ತಲೆಗೇ ಕಟ್ಟುತ್ತಾರೆ ಅಂತ ಇನ್ನೊಬ್ಬರು ನಕ್ಕರು.

ಮೇಷ್ಟ್ರು ಮಾತ್ರ ಬಿಡಲಿಲ್ಲ. ನಾಳೆ ಹತ್ತರೊಳಗೆ ಅಪ್ಪನನ್ನು ಕರೆತಂದು, ಮಗಳಿಗೆ ಗೊತ್ತಿಲ್ಲದೆ ಕೆಡಿಸಿದ್ದು ತಾನೇ ಅಂತ ಅವರ ಬಾಯಲ್ಲೇ ಹೇಳಿಸಿದರೆ ಸಾಕು, ತಮ್ಮ ಹತ್ತಿರ ಫೋಟೊ ಇದೆ, ಸೀಟು ಉಳಿಸುತ್ತೇನೆ ಅಂದರು.

ತಂತಿ ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೇ ಮನೆಗೆ ಹೋದಳು. ಅಪ್ಪ ಒಗೆದ ಅಂಗಿ ತೊಟ್ಟು ಅಂಗಡಿಯ ಮೆಟ್ಟಿಲ ಮೇಲೆ ಕಾಯುತ್ತಿದ್ದರು. ಉಗುರಿನ ಸಂದಿಯಲ್ಲೆಲ್ಲ ಬೆಳ್ಳಿ.

"ಏನಂದ್ರು ಮಗಾ?"

ಅವಳು ಬಾಯಿ ತೆರೆಯುವ ಮೊದಲೇ ಅವರೇ ಶುರು ಮಾಡಿದರು. "ನಿಮ್ಮಮ್ಮನ್ನ ಅಷ್ಟು ಕರ್ರಗೆ ನಿಲ್ಸಿದ್ಯಲ್ಲ, ನಂಗೆ ತಡೀಲಿಲ್ಲ. ಬದುಕಿದ್ದಾಗಂತೂ ಒಂದು ಒಳ್ಳೇ ಬಟ್ಟೆ ಕೊಡಿಸ್ಲಿಲ್ಲ ನಾನು."

ಜೋಡಿಸಿಕೊಂಡು ಬಂದ ಬೈಗುಳವನ್ನೆಲ್ಲ ಬಿಟ್ಟು ತಂತಿ ಬೇರೆಯದೇ ಹೇಳಿದಳು.

"ಚೆನ್ನಾಗಿದೆ ಅಂದ್ರು. ಸೀಟು ಬೇರೆಯವ್ರಿಗೆ ಹೋಯ್ತು."

ಅಪ್ಪ ಉಗುರಿನ ಬೆಳ್ಳಿಯನ್ನು ಕೆರೆದುಕೊಂಡರು. "ಎರಡು ಕೋಟ್ ಹೊಡೀಬೇಕಿತ್ತು," ಅಂದರು.

ಮರುದಿನ ಹತ್ತು ಗಂಟೆ ಹೊಡೆದಾಗ ಅವಳು ಅಂಗಡಿಯಲ್ಲಿ ಯಾರದೋ ಮಿಕ್ಸಿ ಬಿಚ್ಚುತ್ತಿದ್ದಳು. ಈಗ ಐದು ವರ್ಷವಾಯಿತು. ಆಮೇಲೆ ಒಂದು ಗೊಂಬೆಯನ್ನೂ ಮಾಡಿಲ್ಲ. ಇದನ್ನು ತ್ಯಾಗ ಗೀಗ ಅಂತ ಹೊಗಳಲು ಹೋಗಬೇಡಿ, ಅವಳಿಗೆ ಮೈಯೆಲ್ಲ ಉರಿಯುತ್ತದೆ. ಒಮ್ಮೆ ನಾನು ಹಾಗಂದು ಚೆನ್ನಾಗಿ ಉಗಿಸಿಕೊಂಡಿದ್ದೇನೆ. ಅಪ್ಪನನ್ನು ಅವಳು ಕ್ಷಮಿಸಿಲ್ಲ. ಸ್ಕ್ರೂಡ್ರೈವರ್ ಒಂಚೂರು ಜಾಗ ತಪ್ಪಿದರೂ ಆ ಹಳೇ ಸಿಟ್ಟಿನ ಬಡ್ಡಿ ವಸೂಲಿ ಮಾಡುತ್ತಾಳೆ. ಅವರೋ, ನಮ್ಮ ಹುಡುಗಿಗೆ ಮೂಗಿನ ತುದಿಯಲ್ಲೇ ಸಿಟ್ಟು ಅಂತ ಗಿರಾಕಿಗಳ ಮುಂದೆ ನಗುತ್ತಾರೆ. ಯಾವ ತಪ್ಪಿಗೆ ಈ ಶಿಕ್ಷೆ ಅನ್ನುವುದೇ ಅವರಿಗೆ ಗೊತ್ತಿಲ್ಲ.

ಒಮ್ಮೆ ಹೋಗಿ ಬನ್ನಿ. ಅಪ್ಪ ಊಟಕ್ಕೆ ಎದ್ದ ಹೊತ್ತು ನೋಡಿ ಹೋಗಿ, ಎದುರಿನ ಸ್ಟೂಲಿನಲ್ಲಿ ಕೂತು ಆ ಶಿಲ್ಪದ ಬಗ್ಗೆ ಮಾತಾಡಿಸಿ. ಮೊದಲು ಸಿಡುಕುತ್ತಾಳೆ, ಏಳಬೇಡಿ. ಅವರು ಕೈ ಒರೆಸಿಕೊಳ್ಳುತ್ತ ಒಳಗೆ ಬಂದರೆ ಮಾತ್ರ ಬೇರೆ ಮಾತು ಎತ್ತಿ.